ನಾನು ಕೊಟ್ಟ ಅರವತ್ತೆರಡು

ನಮ್ಮ ಶಾಲೆ ಮೊದಲು ಕಾರ್ಪೆಟ್ ಅಂಗಡಿಯಾಗಿತ್ತು. ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯಾದ ಈಸ್ಟ್ ಬೇಯ ಒಂದು ಊರಿನ ಸ್ಟ್ರಿಪ್ ಮಾಲಿನ ಸಾಲಂಗಡಿಗಳಲ್ಲಿ, ಲಾಂಡ್ರಿಗೂ ಡೋನಟ್ ಅಂಗಡಿಗೂ ನಡುವೆ ಅದು ಸಿಕ್ಕಿಕೊಂಡಿತ್ತು. ಒಳಗೆ ಕಾಲಿಟ್ಟರೆ ಹೊಸ ಕಾರ್ಪೆಟ್ಟಿನ ಅಂಟಿನ ವಾಸನೆ, ಅದರ ಮೇಲೆ ಪಕ್ಕದಂಗಡಿಯ ಸಕ್ಕರೆ ಪಾಕದ ವಾಸನೆ. ಗೋಡೆಗಳು ಚಾವಣಿಯವರೆಗೆ ಮುಟ್ಟುತ್ತಿರಲಿಲ್ಲವಾದ್ದರಿಂದ ಒಂದು ಕ್ಲಾಸಿನ ಇತಿಹಾಸ ಇನ್ನೊಂದು ಕ್ಲಾಸಿನ ಬಯಾಲಜಿಗೆ ಕೇಳಿಸುತ್ತಿತ್ತು. ‘ನಮ್ಮ ಶಾಲೆ’ ಎನ್ನುವ ಹಕ್ಕು ನನಗೆ ಪೂರ್ತಿ ಇಲ್ಲ. ನಾನು ವಾರಕ್ಕೆ ಮೂರು ದಿನ ಹೋಗುತ್ತಿದ್ದ ವಾಲಂಟಿಯರು ಅಷ್ಟೆ. ಮೂಲೆಯಲ್ಲಿದ್ದ ಪುಸ್ತಕದ ಕಪಾಟು ನೋಡಿಕೊಳ್ಳುವುದು, ಓದಲು ತಡವರಿಸುವ ಮಕ್ಕಳ ಪಕ್ಕ ಕೂತು ಓದಿಸುವುದು, ಇವಿಷ್ಟೇ ನನ್ನ ಕೆಲಸ. ಆದರೂ ಮನೆಯಲ್ಲಿ ‘ನಮ್ಮ ಶಾಲೆ’ ಎಂದೇ ಅನ್ನುತ್ತಿದ್ದೆ. ಯಜಮಾನರೂ ಆಕ್ಷೇಪಿಸಲಿಲ್ಲ. ನಮಗೆ ಮಕ್ಕಳಿಲ್ಲ. ನನ್ನದು ಎನ್ನಲು ನನಗೊಂದು ಶಾಲೆಯಾದರೂ ಇರಲಿ ಅಂದುಕೊಂಡಿರಬೇಕು.

ಅದು ಚಾರ್ಟರ್ ಶಾಲೆ. ಫೀಸಿಲ್ಲದ ಸರ್ಕಾರಿ ಶಾಲೆಯೇ, ಆದರೆ ಪಾಠವನ್ನು ತನ್ನದೇ ರೀತಿಯಲ್ಲಿ ನಡೆಸಿಕೊಳ್ಳಲು ಡಿಸ್ಟ್ರಿಕ್ಟಿನಿಂದ, ಅಂದರೆ ಆ ಪ್ರದೇಶದ ಶಾಲಾ ಆಡಳಿತದಿಂದ, ಕೆಲವು ವರ್ಷಗಳ ಪರವಾನಗಿ ಪಡೆದದ್ದು. ಅವಧಿ ಮುಗಿದಾಗ ಡಿಸ್ಟ್ರಿಕ್ಟಿನ ಬೋರ್ಡು ಮತ್ತೆ ಒಪ್ಪದಿದ್ದರೆ ಬಾಗಿಲಿಗೆ ಬೀಗ. ದೊಡ್ಡ ಹೈಸ್ಕೂಲುಗಳಲ್ಲಿ ಕಳೆದುಹೋಗಬಹುದಾದ ಮಕ್ಕಳು ಇಲ್ಲಿಗೆ ಬರುತ್ತಿದ್ದರು. ಎಲ್ಲಾ ಸೇರಿ ನೂರು ಮಂದಿಯೂ ಇರಲಿಲ್ಲ. ಕ್ಯಾಂಟೀನುಗಳಲ್ಲಿ, ಲಾಂಡ್ರಿಗಳಲ್ಲಿ ದುಡಿಯುವವರ ಮಕ್ಕಳು, ತಂದೆ ಎಲ್ಲಿದ್ದಾರೆಂದು ಕೇಳಬಾರದ ಮಕ್ಕಳು. ಆ ಕಾಲದಲ್ಲಿ ಬೇಯ ಸುತ್ತ ದಿನಕ್ಕೊಂದು ಕಂಪನಿ ಹುಟ್ಟುತ್ತಿತ್ತು, ಅವು ದೊಡ್ಡ ಆಫೀಸಿಗೆ ಹೋಗುವಾಗ ಹಳೆಯ ಗಾಲಿ ಕುರ್ಚಿಗಳನ್ನು ನಮಗೆ ಕೊಟ್ಟುಬಿಡುತ್ತಿದ್ದವು. ಹೀಗಾಗಿ ನಮ್ಮ ಮಕ್ಕಳು ಮ್ಯಾನೇಜರುಗಳ ಹಾಗೆ ಗಿರಗಿರ ತಿರುಗುತ್ತಾ ಆಲ್ಜೀಬ್ರಾ ಕಲಿತರು. ಆದರೆ ಅದೇ ಕಂಪನಿಗಳಿಗೆ ಬಂದವರಿಗೆ ಮನೆ ಬೇಕಿತ್ತು, ಬಾಡಿಗೆ ಏರುತ್ತಲೇ ಇತ್ತು. ತಿಂಗಳಿಗೊಂದು ಮಗು ‘ವಿ ಆರ್ ಮೂವಿಂಗ್’ ಎಂದು ಹೇಳಿ, ಕಪಾಟಿನ ಪುಸ್ತಕ ತಂದಿಟ್ಟು ಹೋಗುತ್ತಿತ್ತು. ಕೆಲವರು ಪುಸ್ತಕವನ್ನೂ ತರಲಿಲ್ಲ. ನಾನು ಕೇಳಲಿಲ್ಲ.

ನಾನು ಹೇಳಹೊರಟಿರುವುದು ಒಬ್ಬ ಹುಡುಗಿಯ ಬಗ್ಗೆ. ಹತ್ತನೇ ಗ್ರೇಡಿನವಳು, ಹದಿನಾರು ತುಂಬಿರಲಿಲ್ಲ. ಅವಳ ತಂದೆ ತಾಯಿ ಹುಬ್ಬಳ್ಳಿಯ ಮುಸ್ಲಿಮರು. ತಂದೆ ಏರ್‌ಪೋರ್ಟಿನಲ್ಲಿ ಕಾರ್ಗೋ ಕೆಲಸ ಮಾಡುತ್ತಿದ್ದರು, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಧಾರವಾಡದ ನನಗೆ ಆ ತಾಯಿ ಫೋನಿನಲ್ಲಿ ಮೊದಲ ಸಲ ‘ಅಕ್ಕಾರ’ ಎಂದಾಗ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ನನ್ನ ಬ್ಲೌಸುಗಳನ್ನೆಲ್ಲ ಅವಳೇ ಹೊಲಿದಳು. ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ. ಅದರ ನಡುವೆ ‘ಆಂಟಿ’ ಒಂದೇ ನಮ್ಮ ಮಾತು.

ನಮ್ಮ ಶಾಲೆಯಲ್ಲಿ ವರ್ಷವಿಡೀ ಮಾರ್ಕ್ಸ್ ಇರಲಿಲ್ಲ. ಜೂನ್‌ನಲ್ಲಿ ಒಂದೇ ಸಲ, ಎಕ್ಸಿಬಿಷನ್. ಮಗು ತಾನು ವರ್ಷವೆಲ್ಲ ಮಾಡಿದ ಒಂದು ಕೆಲಸವನ್ನು ಮೂವರು ದೊಡ್ಡವರ ಮುಂದೆ ನಿಂತು ವಿವರಿಸಬೇಕು. ಮೂವರೂ ಬೇರೆಬೇರೆಯಾಗಿ ನೂರಕ್ಕೆ ಇಷ್ಟು ಎಂದು ಬರೆಯಬೇಕು. ಪರವಾನಗಿ ನವೀಕರಣದ ಅರ್ಜಿ ಹಾಕಬೇಕಿದ್ದ ವರ್ಷ ಅದು. ‘ಇಲ್ಲಿ ಎಲ್ಲರನ್ನೂ ಸುಮ್ಮನೆ ಪಾಸು ಮಾಡುತ್ತಾರೆ’ ಎಂಬ ದೂರು ಡಿಸ್ಟ್ರಿಕ್ಟಿಗೆ ಹೋಗಿತ್ತು. ಆದ್ದರಿಂದ ಪ್ರಿನ್ಸಿಪಾಲರು ಹೊಸ ನಿಯಮ ಮಾಡಿದ್ದರು: ಮೂವರಲ್ಲಿ ಒಬ್ಬರು ಪಾಸು ಕೊಡದಿದ್ದರೂ ಮಗು ಅದೇ ಗ್ರೇಡಿನಲ್ಲಿ ಉಳಿದು ಸೆಪ್ಟೆಂಬರಿನಲ್ಲಿ ಮತ್ತೆ ನಿಲ್ಲಬೇಕು. ಒಬ್ಬರು ಶಾಲೆಯ ಟೀಚರು, ಇಬ್ಬರು ಹೊರಗಿನವರು. ಆ ವರ್ಷ ಈ ಹುಡುಗಿಯ ಸರದಿಗೆ ಹೊರಗಿನ ಒಬ್ಬರು ಬರಲಾಗದ್ದರಿಂದ ಅವಳೊಬ್ಬಳ ಮಟ್ಟಿಗೆ ನನ್ನನ್ನು ಕೂರಿಸಿದರು, ಉಳಿದವರದನ್ನು ನಾನು ಹಿಂದೆ ಕೂತು ನೋಡಿದೆ ಅಷ್ಟೆ.

ಈ ಹುಡುಗಿಗೆ ಪಾಸು ಅನ್ನುವುದು ಉಳಿದವರಿಗಿಂತ ಹೆಚ್ಚು ಅಗತ್ಯವಾಗಿತ್ತು. ಬರ್ಕ್ಲಿಯಲ್ಲಿ ನಡೆಯುವ ಒಂದು ಬೇಸಿಗೆಯ ಗಣಿತ ಕಾರ್ಯಕ್ರಮಕ್ಕೆ ಅವಳು ಆಯ್ಕೆಯಾಗಿದ್ದಳು. ಹತ್ತನೇ ಗ್ರೇಡು ಮುಗಿದಿದೆ ಎಂಬ ಕಾಗದ ಕೊಟ್ಟರೆ ಮಾತ್ರ ಸೀಟು. ಇನ್ನೊಂದು ಕಡೆ ಅವರಿದ್ದ ಮನೆಯನ್ನು ಮಾಲೀಕ ಮಾರಿದ್ದ. ಜೂನ್ ಕೊನೆಗೆ ಬೆಟ್ಟದ ಆಚೆ, ಸೆಂಟ್ರಲ್ ವ್ಯಾಲಿಯ ಒಂದು ಊರಿಗೆ ಹೋಗುವವರಿದ್ದರು. ಅಂದರೆ ಅವಳಿಗೆ ಸೆಪ್ಟೆಂಬರ್ ಎಂಬುದು ಇರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಸೌಕರ್ಯ ನನಗಿಲ್ಲ.

ಅವಳ ವಿಷಯ ಬ್ಲೌಸು. ಮಟ್ಟಸವಾದ ಬಟ್ಟೆ ದುಂಡನೆಯ ಮೈಗೆ ಹೇಗೆ ಕೂರುತ್ತದೆ? ಅವಳಮ್ಮ ಅಳತೆ ಟೇಪು ಒಂದನ್ನೇ ಇಟ್ಟುಕೊಂಡು ಕಣ್ಣಂದಾಜಿನಲ್ಲಿ ಕತ್ತರಿಸುವುದರ ಹಿಂದೆ ಯಾವ ಜ್ಯಾಮಿಟ್ರಿ ಇದೆ? ಭಾನುವಾರದ ಪೇಪರಿನಲ್ಲಿ ಕೆಲಸಕ್ಕೆ ಜನ ಬೇಕೆಂಬ ಜಾಹೀರಾತುಗಳೇ ಆಗ ಒಂದು ದಿಂಬಿನಷ್ಟು ದಪ್ಪ ಬರುತ್ತಿದ್ದವು. ಆ ಹಾಳೆಗಳಲ್ಲೇ ಬೆನ್ನು, ಎದೆ, ತೋಳಿನ ಆಕಾರ ಕತ್ತರಿಸಿ ತಂದಿದ್ದಳು. ಒಂದು ಕಾಗದದಲ್ಲಿ ಚೂಪಾದ ಮಡಿಕೆ ಹಾಕಿ ಪಿನ್ನು ಚುಚ್ಚಿದಳು. ನೋಡುನೋಡುತ್ತಾ ಅದು ಮೇಜಿನಿಂದ ಎದ್ದು ಬಟ್ಟಲಾಗಿ ನಿಂತಿತು. ಮಡಿಕೆ ಇಷ್ಟು ಅಗಲವಾದರೆ ಬಟ್ಟಲು ಇಷ್ಟು ಆಳ, ಎಂದು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸಿದಳು. ನನ್ನ ಪಕ್ಕ ಕೂತಿದ್ದ ಸ್ಟಾರ್ಟಪ್ಪಿನ ಇಂಜಿನಿಯರು, ಸೊಂಟಕ್ಕೆ ಬ್ಯಾಡ್ಜು ತೂಗಿಸಿಕೊಂಡಿದ್ದ ಹುಡುಗಮುಖದವನು, ಅಲ್ಲಿಯವರೆಗೆ ಪೇಜರ್ ನೋಡುತ್ತಿದ್ದವನು, ‘ವೇಟ್, ಡೂ ದಟ್ ಅಗೇನ್’ ಎಂದ. ಹುಡುಗಿ ಮತ್ತೆ ಮಾಡಿದಳು. ಹಿಂದಿನ ಸಾಲಿನಲ್ಲಿ ಡಿಸ್ಟ್ರಿಕ್ಟಿನಿಂದ ಬಂದಿದ್ದ ಒಬ್ಬ ಹೆಂಗಸು ಬರೆದುಕೊಳ್ಳುತ್ತಿದ್ದಳು.

ನನಗೆ ಎದೆ ತುಂಬಿ ಬಂತು. ಇಡೀ ದಿನದಲ್ಲಿ ಅದಕ್ಕಿಂತ ಚೆಂದದ್ದನ್ನು ನೋಡಿರಲಿಲ್ಲ. ಮನಸ್ಸಿನಲ್ಲೇ ಅರವತ್ತೈದು ಕೊಟ್ಟೆ.

ಇದನ್ನು ಓದುವ ನನ್ನ ವಯಸ್ಸಿನವರಿಗೆ ವಿವರಿಸಬೇಕಿಲ್ಲ. ಧಾರವಾಡದ ಕಾನ್ವೆಂಟಿನಲ್ಲಿ ನಮಗೆ ಕಾಂಪೋಸಿಷನ್ ಹೇಳಿಕೊಟ್ಟ ಸಿಸ್ಟರ್ ಒಬ್ಬರಿದ್ದರು. ‘ನೂರು ದೇವರದು, ತೊಂಬತ್ತು ಸಂತರದು, ಎಂಬತ್ತು ನನ್ನದು, ಉಳಿದದ್ದರಲ್ಲಿ ನೀವು ಹಂಚಿಕೊಳ್ಳಿ’ ಎನ್ನುತ್ತಿದ್ದರು. ಅರವತ್ತೆಂದರೆ ಫಸ್ಟ್ ಕ್ಲಾಸು. ನನಗೆ ಒಮ್ಮೆ ಅರವತ್ತೊಂದು ಬಂದದ್ದಕ್ಕೆ ನಮ್ಮಪ್ಪ ಆ ಪೇಪರನ್ನು ಊಟದ ಹೊತ್ತಿಗೆ ಬಂದವರಿಗೆಲ್ಲ ತೋರಿಸಿದ್ದರು. ಅಮೆರಿಕದಲ್ಲಿ ಹನ್ನೆರಡು ವರ್ಷ ಕಳೆದಿದ್ದರೂ ಇಲ್ಲಿಯ ಒಂದು ರಿಪೋರ್ಟ್ ಕಾರ್ಡನ್ನು ನಾನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಯಾರದ್ದೆಂದು ನೋಡಲಿ? ಹಿಂದಿನ ಸಂಜೆ ನಮಗೆ ತಿಳಿವಳಿಕೆ ಕೊಡಲು ಮೀಟಿಂಗು ಕರೆದಿದ್ದರು. ಪಾರ್ಕಿಂಗು ಎಲ್ಲಿ, ಕಾಫಿ ಎಷ್ಟು ಹೊತ್ತಿಗೆ ಎಂದೆಲ್ಲ ಹೇಳಿದರು. ಎಷ್ಟಾದರೆ ಪಾಸು ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಮೂವತ್ತೈದು ಎಂದು ನನಗೆ ಗೊತ್ತೇ ಇತ್ತಲ್ಲ! ಎಪ್ಪತ್ತು ಎಂದು ಅವರೆಲ್ಲರಿಗೂ ಗೊತ್ತೇ ಇತ್ತು.

ಪೆನ್ನು ಹಿಡಿದಾಗ ಇನ್ನೊಂದು ಯೋಚನೆ ಬಂತು. ಹುಡುಗಿ ನಮ್ಮ ಕಡೆಯವಳು, ಅವಳ ತಾಯಿ ಹೊಲಿದ ಬ್ಲೌಸು ಆಗಲೂ ನನ್ನ ಮೈಮೇಲಿತ್ತು. ನಾಳೆ ಯಾರಾದರೂ ಪಾರ್ಷಿಯಾಲಿಟಿ ಅಂದರೆ? ಆ ಮಾತು ಅವಳಿಗೆ ತಗಲಬಾರದು. ಮೂರು ಕಳೆದು, ದುಂಡಗೆ, ಅರವತ್ತೆರಡು ಎಂದು ಬರೆದೆ. ಕೆಳಗಿನ ಖಾಲಿ ಜಾಗದಲ್ಲಿ, ತುಂಬಾ ಮೆಚ್ಚಿದಾಗ ಸಿಸ್ಟರ್ ನಮಗೆ ಬರೆಯುತ್ತಿದ್ದ ಹಾಗೆಯೇ ಬರೆದೆ: ‘ಎ ವೆರಿ ಫೇರ್ ಅಟೆಂಪ್ಟ್. ಶುಡ್ ಸ್ಪೀಕ್ ಮೋರ್ ಸ್ಲೋಲಿ.’ ಸಹಿ ಮಾಡಿ ಲಕೋಟೆಯೊಳಗೆ ಹಾಕಿ ಅಂಟಿಸಿದೆ.

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಬ್ರಿಡ್ಜಿನ ಟ್ರಾಫಿಕ್ಕಿನಲ್ಲಿ ಸವೆದು ಬಂದು, ಕಾಲು ಚಾಚಿ ಚಾ ಕುಡಿಯುತ್ತಿದ್ದರು.

‘ಅರವತ್ತೆರಡು?’ ಎಂದು ಹುಬ್ಬೇರಿಸಿದರು. ‘ಭಾಳ ಆತಲ್ಲ! ನಿನ್ನ ಕೈ ಇಷ್ಟು ಸಡಿಲ ಯಾವಾಗ ಆತು? ನಮ್ಮ ಪ್ರೊಫೆಸರು ಸಾಕ್ಷಾತ್ ಸರಸ್ವತಿ ಬಂದು ಬರದ್ರೂ ಐವತ್ತೆಂಟರ ಮ್ಯಾಲ ಕೊಡತಿರಲಿಲ್ಲ.’

‘ಆಕಿ ಹಂಗ ಮಾಡಿದ್ಳುರೀ.’

‘ಮಾಡಿರಬೇಕು ಬಿಡು. ಇಲ್ಲಂದ್ರ ನೀ ಕೊಡಾಕಿ ಅಲ್ಲ.’

ಇಬ್ಬರೂ ಸಂತೋಷವಾಗಿದ್ದೆವು. ರಾತ್ರಿ ಊಟಕ್ಕೆ ಶಾವಿಗೆ ಪಾಯಸ ಮಾಡಿದೆ.

ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರು ಫೋನು ಮಾಡಿ ಬರಹೇಳಿದರು. ಫಿಲಿಪೈನ್ಸಿನಿಂದ ಬಂದ ಕುಟುಂಬದವರು, ನನಗಿಂತ ಹದಿನೈದು ವರ್ಷ ಚಿಕ್ಕವರು, ಕಸವನ್ನೂ ತಾವೇ ಗುಡಿಸುವಂಥ ಹೆಂಗಸು. ಅವರ ಮೇಜಿನ ಮೇಲೆ ಮೂರು ಹಾಳೆಗಳಿದ್ದವು. ಇಂಜಿನಿಯರನದು ತೊಂಬತ್ತನಾಲ್ಕು, ಟೀಚರದು ತೊಂಬತ್ತೊಂದು, ಮೂರನೆಯದು ನನ್ನದು.

‘ನೀವು ಏನು ಕಂಡಿರಿ ಅದರಲ್ಲಿ?’ ಎಂದು ಮೆಲ್ಲಗೆ ಕೇಳಿದರು. ‘ನನಗೆ ಅರ್ಥವಾಗಲಿ ಅಂತ ಕೇಳ್ತಿದೀನಿ. ಅಷ್ಟೊಂದು ದೊಡ್ಡ ತಪ್ಪು ಏನಿತ್ತು?’

‘ತಪ್ಪೇ? ಇಟ್ ವಾಸ್ ದ ಬೆಸ್ಟ್ ಆಫ್ ದ ಡೇ!’ ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ, ಎಪ್ಪತ್ತರ ಕೆಳಗೆ ಏನೆಂದು ಹೇಳಿದರು. ನಾನು ನಮ್ಮ ಫಸ್ಟ್ ಕ್ಲಾಸಿನ ಬಗ್ಗೆ, ಸಿಸ್ಟರ್ ಬಗ್ಗೆ ಹೇಳಿದೆ. ಅವರು ನಂಬಿದರು. ನಂಬದೆ ಬೈದಿದ್ದರೆ ಚೆನ್ನಾಗಿತ್ತು.

‘ಹಾಳೆ ಕೊಡಿ, ತಿದ್ದುತ್ತೇನೆ. ಇನಿಷಿಯಲ್ ಹಾಕುತ್ತೇನೆ. ಪತ್ರ ಬರೆದುಕೊಡುತ್ತೇನೆ,’ ಎಂದೆ.

‘ಡಿಸ್ಟ್ರಿಕ್ಟಿನವರು ನಿನ್ನೆಯೇ ಎಲ್ಲದರ ಕಾಪಿ ತಗೊಂಡು ಹೋಗಿದಾರೆ. ಈಗ ಅರವತ್ತೆರಡು ತೊಂಬತ್ತೆರಡಾದರೆ ಏನಂತಾರೆ? ಇಬ್ಬರದೂ ಒಂದೇ ಊರಿನ ಕಡೆ, ತಾಯಿ ಬಂದು ಅತ್ತಳು, ಮಾರ್ಕು ಏರಿತು ಅಂತಾರೆ. ನಮ್ಮ ಮೇಲೆ ಇರೋ ದೂರೇ ಅದು. ಮತ್ತೆ ನಿಮ್ಮ ಈ ಮಾತು ನೋಡಿ.’ ಅವರ ಬೆರಳು ‘ವೆರಿ ಫೇರ್’ ಎಂಬುದರ ಮೇಲೆ ನಿಂತಿತು. ‘ಇಲ್ಲಿ ಫೇರ್ ಅಂದರೆ ಸಾಧಾರಣ ಅಂತ. ಇದನ್ನ ಓದಿದವರು ಯಾರೂ ಅಂಕ ತಪ್ಪಾಗಿ ಬಿದ್ದಿದೆ ಅನ್ನಲ್ಲ.’

‘ಹಾಗಾದರೆ ಹುಡುಗಿ?’

‘ಉಳಿದ ಮಕ್ಕಳಿದಾರೆ,’ ಎಂದರು. ಕಿಟಕಿಯ ಆಚೆ ಯಾರೋ ಕುರ್ಚಿ ಉರುಳಿಸಿಕೊಂಡು ಓಡಿದ ಸದ್ದಾಯಿತು. ಅವರು ಕಣ್ಣು ಒರೆಸಿಕೊಂಡರು, ಆದರೆ ಹಾಳೆಯನ್ನು ಫೈಲಿನೊಳಗೆ ಇಟ್ಟರು.

ಎರಡು ದಿನ ನನಗೆ ಹುಡುಗಿಯ ಮನೆಗೆ ಹೋಗಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಮೂರೂ ಹಾಳೆಗಳ ಕಾಪಿ ಅವಳ ಕೈ ಸೇರಿತ್ತು. ಮೂರನೆಯ ದಿನ ಯಜಮಾನರೇ ಕಾರು ತೆಗೆದರು. ‘ಹೋಗಿ ಎದುರಿಗೆ ನಿಂತು ಹೇಳು. ಫೋನಿನ್ಯಾಗ ಹೇಳೂ ಮಾತಲ್ಲ ಇದು,’ ಎಂದು ನನ್ನನ್ನು ಇಳಿಸಿ, ತಾವು ಕಾರಿನಲ್ಲೇ ಕೂತರು.

ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಿಂದ ದೂರವೇನಿರಲಿಲ್ಲ. ಒಬ್ಬರ ಮನೆಯ ಹಿಂದಿನ ಗರಾಜನ್ನೇ ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಸಾಮಾನು ಕಟ್ಟುತ್ತಿದ್ದರು. ಹೊಲಿಗೆ ಮಷೀನಿಗೆ ಕಂಬಳಿ ಸುತ್ತಿ ಹಗ್ಗ ಬಿಗಿದಿತ್ತು. ತಾಯಿ ನನ್ನನ್ನು ಕಂಡು ಎದ್ದಳು. ಮುಖದಲ್ಲಿ ಎಂದಿನ ನಗು ಇರಲಿಲ್ಲ, ಆದರೆ ಉಪಚಾರ ತಪ್ಪಲಿಲ್ಲ.

‘ಬರ್ರಿ ಅಕ್ಕಾರ. ಕುಂಡ್ರಾಕ ಏನೂ ಉಳದಿಲ್ಲ ನೋಡ್ರಿ, ಈ ಬಾಕ್ಸಿನ ಮ್ಯಾಲ ಕುಂಡ್ರರಿ.’ ಮಷೀನಿನ ಹಗ್ಗ ಸರಿಮಾಡುತ್ತಾ, ‘ಒಂದ್ ಮಾತ್ ಕೇಳ್ಲ್ಯಾ? ಹ್ವಾದ ಸಲದ ಬ್ಲೌಸಿನ ತೋಳ್ ಬಿಗಿ ಆಗಿತ್ತು ಅಂದಿದ್ರಿ. ಅದರ ಸಿಟ್ಟೇನ್ರಿ ಇದು?’ ಎಂದಳು.

ತಮಾಷೆಯಂತೆಯೇ ಹೇಳಿದ್ದಳು. ನಾನು ಬಾಕ್ಸಿನ ಮೇಲೆ ಕೂತೆ. ಕೂತು ಎಲ್ಲವನ್ನೂ ಹೇಳಿದೆ, ಸಿಸ್ಟರ್ ಕತೆಯಿಂದ ಹಿಡಿದು.

ಅವಳು ಹುಬ್ಬಳ್ಳಿಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು. ಪ್ರಿನ್ಸಿಪಾಲರಿಗೆ ಅರ್ಧ ಗಂಟೆ ಹಿಡಿದದ್ದು ಅವಳಿಗೆ ಒಂದು ಕ್ಷಣದಲ್ಲಿ ತಿಳಿಯಿತು. ‘ಅಯ್ಯ, ಅರವತ್ತೆರಡಾ? ಅಷ್ಟು ಬಂದ್ರ ಫೇಲ್ ಅಂತಾರೇನ್ರಿ ಇವ್ರು? ನಮ್ಮಣ್ಣ ಮೂವತ್ತಾರು ಬಂದಿದ್ದಕ್ಕ ಓಣಿ ತುಂಬ ಪೇಡೆ ಹಂಚಿದ್ದ!’ ಎಂದು ನಕ್ಕೇಬಿಟ್ಟಳು. ನಗುತ್ತಲೇ ಸೆರಗು ಬಾಯಿಗೆ ಇಟ್ಟುಕೊಂಡು ಅಡುಗೆ ಮೂಲೆಯ ಕಡೆ ತಿರುಗಿದಳು. ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.

ಹುಡುಗಿ ನೆಲದ ಮೇಲೆ ಕೂತಿದ್ದಳು. ಅವಳ ಸುತ್ತ ಪೇಪರಿನ ಬೆನ್ನುಗಳು, ತೋಳುಗಳು ಹರಡಿಕೊಂಡಿದ್ದವು. ಎಕ್ಸಿಬಿಷನ್ನಿಗೆ ತಂದಿದ್ದವುಗಳಲ್ಲ, ಹೊಸವು. ಹತ್ತಾರು ಇದ್ದವು.

‘ಇದೇನು ಪುಟ್ಟಾ, ಮತ್ತೆ ಕತ್ತರಿಸಿದೀಯ?’ ಎಂದೆ.

ಅವಳು ಇಂಗ್ಲಿಷಿನಲ್ಲೇ ಉತ್ತರಿಸಿದಳು. ಅದರ ಅರ್ಥ ಹೀಗೆ: ‘ಅವರಿಬ್ಬರಿಗೆ ಕಾಣದ್ದು ನಿಮಗೆ ಕಂಡಿದೆ ಅಂದ್ಕೊಂಡೆ, ಆಂಟಿ. ಯಾಕಂದ್ರೆ ಬ್ಲೌಸು ಗೊತ್ತಿದ್ದೋರು ನೀವೊಬ್ರೇ. ಮೂವತ್ತೆಂಟು ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೆ.’

‘ಎಲ್ಲೂ ಹೋಗಿಲ್ಲ. ಯಾವ ತಪ್ಪೂ ಇರಲಿಲ್ಲ ಅದರಲ್ಲಿ.’

‘ಸೋ ಯೂ ಲೈಕ್ಡ್ ಇಟ್?’

‘ತುಂಬಾ. ನಿಜವಾಗಿ.’

ಅವಳು ಒಂದು ತೋಳಿನ ಕಾಗದವನ್ನು ಎತ್ತಿ, ಮಡಚಿ, ಇನ್ನೊಂದರ ಮೇಲೆ ಇಟ್ಟಳು. ‘ಓಕೆ,’ ಎಂದಳು. ಅವಳು ನಂಬಲಿಲ್ಲ. ನಾನು ಅಯ್ಯೋ ಪಾಪ ಎಂದು ಸುಳ್ಳು ಹೇಳಲು ಬಂದಿದ್ದೇನೆಂದು ಅವಳಿಗೆ ಅನಿಸಿತು. ದೊಡ್ಡವರು ಹಾಗೆ ಮಾಡುವುದನ್ನು ಅವಳು ಕಂಡಿದ್ದಳು. ಅದು ನನಗೆ ಅವಳ ಕೈಗಳನ್ನು ನೋಡಿ ತಿಳಿಯಿತು, ಅವು ನಿಲ್ಲದೆ ಕಾಗದ ಜೋಡಿಸುತ್ತಲೇ ಇದ್ದವು.

ಬರ್ಕ್ಲಿಯ ಸೀಟು ಹೋಯಿತು. ಆ ಕಾರ್ಯಕ್ರಮದವರಿಗೆ ನಾನು ನಾಲ್ಕು ಪುಟದ ಪತ್ರ ಬರೆದೆ. ಕಾನ್ವೆಂಟಿನ ಅಕ್ಷರದಲ್ಲಿ, ಮಾರ್ಜಿನ್ ಬಿಟ್ಟು. ವಿಷಾದಿಸುತ್ತೇವೆ ಎಂದು ಎರಡು ಸಾಲು ಬಂತು. ವ್ಯಾಲಿಯ ಹೊಸ ಹೈಸ್ಕೂಲಿನವರು ಅವಳನ್ನು ಮತ್ತೆ ಹತ್ತನೇ ಗ್ರೇಡಿಗೆ ಹಾಕಿದರು. ಅಕ್ಟೋಬರಿನಲ್ಲಿ ತಾಯಿ ಫೋನು ಮಾಡಿದಾಗ ಹೇಳಿದಳು: ‘ಸಾಲಿಗೆ ಹೊಕ್ಕಾಳ್ರಿ, ಬರ್ತಾಳ. ಲೆಕ್ಕದ ಪುಸ್ತಕ ಮುಟ್ಟೂದಿಲ್ಲ. ನನಗದು ಬರೂದಿಲ್ಲ ಅಮ್ಮೀ, ಬಿಡು ಅಂತಾಳ.’

ಚಳಿಗಾಲದಲ್ಲಿ ಶಾಲೆಯ ಪರವಾನಗಿಯ ವಿಚಾರಣೆ ನಡೆಯಿತು. ಅಷ್ಟು ಹೊತ್ತಿಗೆ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದ್ದವು. ನಮ್ಮ ಪ್ಯಾನೆಲ್ಲಿನಲ್ಲಿದ್ದ ಇಂಜಿನಿಯರನ ಕೆಲಸವೂ ಹೋಗಿತ್ತಂತೆ. ಡಿಸ್ಟ್ರಿಕ್ಟಿನ ಸಭಾಂಗಣ ತುಂಬಿತ್ತು. ಮಕ್ಕಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಸಾಲಾಗಿ ಕೂತಿದ್ದರು. ಬೋರ್ಡಿನ ಸದಸ್ಯರೊಬ್ಬರು ಮೈಕಿಗೆ ಬಾಗಿ, ‘ನಿಮ್ಮಲ್ಲಿ ಯಾವ ಮಗುವಾದರೂ ಫೇಲಾಗಿದೆಯೇ?’ ಎಂದು ಕೇಳಿದರು. ಪ್ರಿನ್ಸಿಪಾಲರು ಫೈಲಿನಿಂದ ಹಾಳೆ ತೆಗೆದು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದರು. ಹುಡುಗಿಯ ಹೆಸರಿನ ಮೇಲೆ ಕಪ್ಪು ಪಟ್ಟಿ ಇತ್ತು. ಕೆಳಗೆ ನನ್ನ ದುಂಡನೆಯ ಅರವತ್ತೆರಡು.

‘ಇಬ್ಬರು ತೊಂಬತ್ತರ ಮೇಲೆ ಕೊಟ್ಟರೂ ಒಬ್ಬರು ಒಪ್ಪಲಿಲ್ಲ. ನಾವು ಆ ಒಬ್ಬರ ಮಾತನ್ನು ಎತ್ತಿಹಿಡಿದೆವು,’ ಎಂದರು. ನನ್ನ ಕಡೆ ನೋಡಲಿಲ್ಲ.

ಡಿಸ್ಟ್ರಿಕ್ಟಿನಿಂದ ಬಂದಿದ್ದ ಹೆಂಗಸು ನೋಡಿದಳು. ಅವರು ಇಲ್ಲೇ ಇದ್ದಾರೆ ಎಂದು ಬೆರಳು ಮಾಡಿದಳು. ಸದಸ್ಯರು ನನ್ನನ್ನು ನಿಲ್ಲಲು ಕೇಳಿದರು. ಹೆಸರು ಕರೆದರೆ ಎದ್ದು ನಿಲ್ಲುವುದನ್ನು ಆರು ವರ್ಷದವಳಿಂದ ಕಲಿತವಳು ನಾನು. ನಿಂತೆ. ಜನ ಚಪ್ಪಾಳೆ ತಟ್ಟಿದರು. ನಾನು ಓದಿಸಿದ ಮಕ್ಕಳೂ ತಟ್ಟಿದರು, ಅವರ ಶಾಲೆ ಉಳಿಯುತ್ತದಲ್ಲ! ಆ ಅಂಕ ತಪ್ಪು, ನನಗೆ ನಿಮ್ಮ ಲೆಕ್ಕ ಗೊತ್ತಿರಲಿಲ್ಲ, ಎಂದು ಆಗ ಒಂದು ಮಾತು ಹೇಳಬಹುದಿತ್ತು. ಆ ಸಾಲುಗಳಲ್ಲಿ ಕೂತ ಇಸ್ತ್ರಿ ಬಟ್ಟೆಗಳನ್ನು ನೋಡಿದೆ. ಥ್ಯಾಂಕ್ ಯೂ ಎಂದು ಕೂತೆ. ಪರವಾನಗಿಗೆ ಎಲ್ಲ ಕೈಗಳೂ ಎದ್ದವು.

ವಾರದ ನಂತರ ವ್ಯಾಲಿಗೆ ಫೋನು ಮಾಡಿದೆ. ಹುಡುಗಿಯೇ ಎತ್ತಿದಳು. ಹೇಗಿದೀಯ, ಚಳಿ ಹೇಗಿದೆ ಎಂದೆಲ್ಲ ಕೇಳಿ, ‘ಶಾಲೆ ಉಳೀತು ಕಣೆ, ಬೋರ್ಡಿನವರು ಒಪ್ಪಿದರು,’ ಎಂದೆ.

‘ರಿಯಲಿ? ಓ, ದಟ್ಸ್ ಸೋ ಗುಡ್, ಆಂಟಿ!’ ಎಂದಳು. ಅವಳ ಧ್ವನಿ ಆ ಜೂನಿನ ನಂತರ ಮೊದಲ ಸಲ ಮೇಲಕ್ಕೆದ್ದಿತು. ಯಾರ್ಯಾರು ಮಾತಾಡಿದರು, ಪ್ರಿನ್ಸಿಪಾಲರು ಅತ್ತರಾ, ಎಂದು ಒಂದೊಂದಾಗಿ ಕೇಳಿದಳು. ಕೊನೆಗೆ, ‘ಬಟ್ ವಾಟ್ ಕನ್ವಿನ್ಸ್ಡ್ ದೆಮ್?’ ಎಂದಳು, ಅವರು ಏನು ನೋಡಿ ಒಪ್ಪಿದರು ಎಂದು.

‘ಮಕ್ಕಳೇ ಬಂದಿದ್ದರಲ್ಲ,’ ಎಂದೆ. ‘ಅವರನ್ನು ನೋಡಿ ಒಪ್ಪಿದರು.’

ಅದೊಂದು ಚೆಂದದ ಉತ್ತರವೆಂದು ಅವಳಿಗೆ ಅನಿಸಿತು. ಅಮ್ಮನಿಗೆ ಹೇಳುತ್ತೇನೆ ಎಂದು ಫೋನಿಟ್ಟಳು.